ಕಾರಿನ ಪಾಲನೆ ಮತ್ತು ರಸ್ತೆಯ ತುರ್ತು ನಿರ್ವಹಣೆ

ಕಾರಿನ ಪಾಲನೆ ಎಂದರೆ ಓಡಿಸುವವರೇ ಗೊತ್ತಾದ ಅವಧಿಗೊಮ್ಮೆ ಟೈರು, ಬ್ರೇಕು, ಆಯಿಲು, ಕೂಲಂಟು, ಬ್ಯಾಟರಿ, ದೀಪ ಮತ್ತು ವೈಪರುಗಳನ್ನು ನೋಡಿ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕೆಲಸ. ರಸ್ತೆಯ ತುರ್ತು ನಿರ್ವಹಣೆ ಎಂದರೆ ಕಾರು ದಾರಿಯಲ್ಲಿ ಕೆಟ್ಟು ನಿಂತಾಗ, ಹಿಡಿತ ತಪ್ಪಿದಾಗ ಅಥವಾ ಅಪಘಾತಕ್ಕೆ ಸಿಕ್ಕಾಗ ಮೊದಲು ಜನರನ್ನು, ಆಮೇಲೆ ವಾಹನವನ್ನು ಅಪಾಯದಿಂದ ಪಾರುಮಾಡುವ ಕ್ರಮ. ಮೊದಲನೆಯದು ಸರ್ವಿಸ್ ಸೆಂಟರಿಗೆ ಬಿಟ್ಟದ್ದು, ಎರಡನೆಯದು ಅದೃಷ್ಟಕ್ಕೆ ಬಿಟ್ಟದ್ದು ಎಂಬ ಭಾವನೆ ವ್ಯಾಪಕವಾಗಿದೆ. ಕಾರಿನ ರಚನೆಯನ್ನು ಗಮನಿಸಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಕಾರನ್ನು ದಾರಿಯಲ್ಲಿ ನಿಲ್ಲಿಸುವ ಕಾರಣಗಳಲ್ಲಿ ಹಲವು ಒಂದೇ ಗಳಿಗೆಯಲ್ಲಿ ಹುಟ್ಟುವಂಥವಲ್ಲ. ಟೈರಿನ ಗಾಳಿ ವಾರಗಟ್ಟಲೆ ಇಳಿಯುತ್ತದೆ, ಕೂಲಂಟು ಹನಿಹನಿಯಾಗಿ ಸೋರುತ್ತದೆ, ಬ್ರೇಕ್ ಪ್ಯಾಡು ಸಾವಿರಾರು ಕಿಲೋಮೀಟರ್ ಸವೆಯುತ್ತದೆ, ಬ್ಯಾಟರಿ ತಿಂಗಳುಗಟ್ಟಲೆ ಸೊರಗುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ, ಅಳತೆಗೆ ಸಿಗುವ ಬದಲಾವಣೆಗಳು. ಆದ್ದರಿಂದ ತುರ್ತು ನಿರ್ವಹಣೆಯ ಮೊದಲ ಹಂತ ಕಾರು ಮನೆಯ ಮುಂದೆ ತಣ್ಣಗೆ ನಿಂತಿರುವಾಗಲೇ ನಡೆಯಬೇಕಾದದ್ದು. ಈ ಲೇಖನ ಎರಡನ್ನೂ ಒಂದೇ ವಿಷಯವಾಗಿ ನಿರೂಪಿಸುತ್ತದೆ.

ಇಲ್ಲಿ ಬಳಸಿದ ಪದಗಳ ಅರ್ಥ ಹೀಗಿದೆ. ಬಿಡಿಭಾಗ ಬಿಚ್ಚದೆ ಮಾಡುವ ಪರೀಕ್ಷೆ, ಭರ್ತಿ ಮತ್ತು ಶುಚಿ ಮಾಡುವ ಕೆಲಸ ‘ಪಾಲನೆ’. ತಯಾರಕರು ಹೇಳಿದ ಅವಧಿಗೆ ಗ್ಯಾರೇಜಿನಲ್ಲಿ ಆಗುವ ಬದಲಾವಣೆ ‘ಸರ್ವಿಸ್’. ಕೆಟ್ಟದ್ದನ್ನು ಸರಿಪಡಿಸುವುದು ‘ರಿಪೇರಿ’. ಮೀಸಲು ಚಕ್ರಕ್ಕೆ ಕನ್ನಡನಾಡಿನಲ್ಲಿ ರೂಢಿಯಲ್ಲಿರುವ ‘ಸ್ಟೆಪ್ನಿ’, ಬ್ರೇಕ್ ದ್ರವಕ್ಕೆ ಗ್ಯಾರೇಜುಗಳಲ್ಲಿ ಹೇಳುವ ‘ಬ್ರೇಕ್ ಆಯಿಲ್’ ಎಂಬ ಹೆಸರುಗಳನ್ನೇ ಉಳಿಸಿಕೊಳ್ಳಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಕಾರಿನ ಇತಿಹಾಸದ ಮೊದಲ ದೂರಪ್ರಯಾಣವೇ ದಾರಿಯ ರಿಪೇರಿಯ ಇತಿಹಾಸವೂ ಹೌದು. ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ. 1888ರ ಆಗಸ್ಟಿನಲ್ಲಿ ಆತನ ಹೆಂಡತಿ ಬೆರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ್ ದೂರ, ಅದೇ ಬಗೆಯ ಗಾಡಿಯಲ್ಲಿ ಹೋದಳು. ಕಸ ಕಟ್ಟಿದ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದ್ದು, ವೀಸ್‌ಲೋಕ್ ಊರಿನ ಔಷಧದ ಅಂಗಡಿಯಲ್ಲಿ ಇಂಧನ ಕೊಂಡದ್ದು, ಸವೆದ ಮರದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದ್ದು ಆ ಪ್ರಯಾಣದ ದಾಖಲಾದ ಸಂಗತಿಗಳು. ತೊಗಲಿನ ಆ ಪಟ್ಟಿಯನ್ನು ಇಂದಿನ ಬ್ರೇಕ್ ಲೈನಿಂಗಿನ ಮೂಲರೂಪ ಎಂದು ಪರಿಗಣಿಸುತ್ತಾರೆ. ಇಂಧನ ಹರಿಯುವ ದಾರಿ, ಇಂಧನದ ಮಟ್ಟ, ಬ್ರೇಕಿನ ಸವೆತ: ಅಂದು ಆಕೆ ನೋಡಿಕೊಂಡ ಮೂರೂ ಅಂಶಗಳು ಇಂದಿನ ಪರೀಕ್ಷಾ ಪಟ್ಟಿಯಲ್ಲಿ ಹಾಗೆಯೇ ಉಳಿದಿವೆ.

ಗಾಳಿ ತುಂಬಿದ ಟೈರಿಗೆ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ. ಮಿಶೆಲಿನ್ ಸೋದರರು 1895ರ ಪ್ಯಾರಿಸ್–ಬೋರ್ಡೋ ಸ್ಪರ್ಧೆಯಲ್ಲಿ ಅಂಥ ಟೈರನ್ನು ಕಾರಿಗೆ ಹಾಕಿ ಓಡಿಸಿದರು. ಅಲ್ಲಿಂದ ಪಂಕ್ಚರ್ ಪ್ರಯಾಣದ ಭಾಗವಾಯಿತು. ಆಗಿನ ಚಕ್ರಗಳನ್ನು ಸುಲಭವಾಗಿ ಬಿಚ್ಚಲು ಆಗುತ್ತಿರಲಿಲ್ಲ; ಟೈರನ್ನು ದಾರಿಯಲ್ಲೇ ಕಳಚಿ ತೇಪೆ ಹಾಕಬೇಕಿತ್ತು. ವೇಲ್ಸ್ ಪ್ರಾಂತದ ಲನೆಥ್ಲಿ ಪಟ್ಟಣದ ವಾಲ್ಟರ್ ಮತ್ತು ಥಾಮಸ್ ಡೇವಿಸ್ ಸೋದರರು 1904ರಲ್ಲಿ ಕಡ್ಡಿಗಳಿಲ್ಲದ ಒಂದು ರಿಮ್ಮಿಗೆ ಗಾಳಿ ತುಂಬಿದ ಟೈರು ಕೂರಿಸಿ, ಪಂಕ್ಚರಾದ ಚಕ್ರದ ಮಗ್ಗುಲಿಗೆ ಅದನ್ನು ಬಿಗಿಯುವ ಉಪಾಯ ಕಂಡುಕೊಂಡರು. ಅವರ ಅಂಗಡಿ ಇದ್ದ ಸ್ಟೆಪ್ನಿ ಬೀದಿಯ ಹೆಸರು ಆ ಚಕ್ರಕ್ಕೆ ಬಂತು. ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಆ ಪದ ಭಾರತದ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ದಿನಬಳಕೆಯ ಮಾತು. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು, ಕಾರಿನ ಚಾಲನೆ ಬ್ಯಾಟರಿಯನ್ನೇ ನಂಬಿ ನಿಂತಿತು. ಪ್ರತಿ ಸುಧಾರಣೆಯೂ ಒಂದು ತೊಡಕನ್ನು ನಿವಾರಿಸಿ ಇನ್ನೊಂದು ಭಾಗದ ನಿಗಾವನ್ನು ಅಗತ್ಯಗೊಳಿಸಿತು ಎಂಬುದನ್ನು ಈ ಇತಿಹಾಸ ತೋರಿಸುತ್ತದೆ.

ಪಾಲನೆಯ ಅಂಗಗಳು

ಟೈರು. ಒಂದೊಂದು ಟೈರೂ ನೆಲ ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಕಾರು ತಿರುಗುವುದು, ನಿಲ್ಲುವುದು, ಮಳೆಯಲ್ಲಿ ನೆಲ ಹಿಡಿಯುವುದು ಎಲ್ಲವೂ ಈ ನಾಲ್ಕು ಅಂಗೈಯಗಲ ರಬ್ಬರಿನ ಮೇಲೆ ನಿಂತಿದೆ. ತುಂಬಬೇಕಾದ ಗಾಳಿಯ ಒತ್ತಡವನ್ನು ಚಾಲಕರ ಬಾಗಿಲಿನ ಕಂಬದ ಮೇಲೆ ಅಥವಾ ಇಂಧನದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತಾರೆ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವುದು ಟೈರು ತಾಳುವ ಗರಿಷ್ಠ ಒತ್ತಡ, ಅಷ್ಟನ್ನು ತುಂಬಬಾರದು. ಚಿಕ್ಕ ಮತ್ತು ಮಧ್ಯಮ ಗಾತ್ರದ ಕಾರುಗಳಿಗೆ ತುಂಬಬೇಕಾದ ಒತ್ತಡ ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ. ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದೂ ಅದೇ ಚೀಟಿಯಲ್ಲಿರುತ್ತದೆ. ಅಳತೆಯನ್ನು ಟೈರು ತಣ್ಣಗಿರುವಾಗಲೇ ತೆಗೆಯಬೇಕು. ಯಾವ ತೂತೂ ಇಲ್ಲದ ಟೈರು ಸಹ ತಿಂಗಳಿಗೆ 1ರಿಂದ 2 ಪಿಎಸ್‌ಐ ಗಾಳಿ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯದಿರಲೆಂದು ಎರಡು ಮೂರು ಪಾಯಿಂಟು ಗಾಳಿ ಕಡಿಮೆ ಇಡಬೇಕೆಂಬ ನಂಬಿಕೆ ಹೆದ್ದಾರಿಯ ಉದ್ದಕ್ಕೂ ಕೇಳಿಬರುತ್ತದೆ. ಇದು ಕಾರಣವನ್ನು ತಿರುವುಮುರುವು ಮಾಡಿದ ನಂಬಿಕೆ. ಗಾಳಿ ಕಡಿಮೆಯಾದ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಆ ಮಡಚುವಿಕೆಯೇ ಒಳಗೆ ಶಾಖ ಹುಟ್ಟಿಸುತ್ತದೆ, ಶಾಖ ರಬ್ಬರಿನ ಪದರಗಳನ್ನು ಬಿಡಿಸುತ್ತದೆ. ಓಟದಲ್ಲಿ ಒತ್ತಡ ಕೆಲವು ಪಿಎಸ್‌ಐ ಏರುವುದನ್ನು ಲೆಕ್ಕ ಹಾಕಿಯೇ ತಣ್ಣನೆಯ ಟೈರಿನ ಅಂಕಿಯನ್ನು ಗೊತ್ತುಮಾಡಿರುತ್ತಾರೆ. ಹಾಗಾಗಿ ಬೇಸಿಗೆಯ ಹೆದ್ದಾರಿಯಲ್ಲಿ ಅಪಾಯ ಇರುವುದು ಕಡಿಮೆ ಗಾಳಿಯಲ್ಲಿ.

ಟೈರಿನ ಗೀರುಗಳು ಮಳೆನೀರನ್ನು ಹೊರಗೆ ತಳ್ಳುವ ಕಾಲುವೆಗಳು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಗೀರಿನ ತಳದಲ್ಲಿ ಅಡ್ಡಲಾಗಿ ಎದ್ದಿರುವ ಚಿಕ್ಕ ದಿಂಡುಗಳು ಈ ಮಿತಿಯ ಗುರುತು. ಅವು ಟೈರಿನ ಮೇಲ್ಮೈಗೆ ಸಮವಾದಾಗ ಟೈರು ಮುಗಿಯಿತೆಂದು ಅರ್ಥ. ಸವೆತದ ರೀತಿಯೂ ಮಾತನಾಡುತ್ತದೆ: ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು, ನಡುಭಾಗ ಸವೆದಿದ್ದರೆ ಹೆಚ್ಚಿತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟು ತಪ್ಪಿದೆ. ಮಗ್ಗುಲಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ. ಕಡಿಮೆ ಓಡಿದ ಕಾರಿನಲ್ಲಿ ಗೀರು ಉಳಿದಿದ್ದರೂ ರಬ್ಬರು ಹಳತಾಗಿ ಬಿರುಕು ಬಿಟ್ಟಿರಬಹುದಾದ್ದರಿಂದ ಈ ಅಂಕಿಯನ್ನು ನೋಡುವುದು ಅಗತ್ಯ. ಸ್ಟೆಪ್ನಿಯನ್ನೂ ಇದೇ ರೀತಿ ಪರೀಕ್ಷಿಸದಿದ್ದರೆ ಅದು ಡಿಕ್ಕಿಯ ತೂಕ ಹೆಚ್ಚಿಸುವ ವಸ್ತುವಾಗಿ ಮಾತ್ರ ಉಳಿಯುತ್ತದೆ.

ದ್ರವಗಳು. ಇಂಜಿನ್ ಆಯಿಲನ್ನು ಸಮನೆಲದಲ್ಲಿ, ಇಂಜಿನ್ ಆರಿಸಿ ಕೆಲವು ನಿಮಿಷ ಕಳೆದ ಮೇಲೆ ನೋಡಬೇಕು. ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ಎತ್ತಿದಾಗ ಆಯಿಲಿನ ಗುರುತು ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ಇರಬೇಕು. ಕಪ್ಪಗಾಗಿರುವುದೊಂದೇ ದೋಷವಲ್ಲ, ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆ, ಕಾರನ್ನು ಓಡಿಸದೆ ಗ್ಯಾರೇಜಿಗೆ ಕೊಡಬೇಕು. ಡಬ್ಬಿಯ ಮೇಲಿನ 5ಡಬ್ಲ್ಯು-30 ಎಂಬಂಥ ಗುರುತಿನಲ್ಲಿ ಮೊದಲ ಭಾಗ ಚಳಿಯಲ್ಲಿ, ಎರಡನೆಯ ಭಾಗ ಇಂಜಿನ್ ಬಿಸಿಯಾದಾಗ ಆಯಿಲಿನ ಹರಿವು ಎಷ್ಟೆಂಬುದನ್ನು ಸೂಚಿಸುತ್ತದೆ. ದಪ್ಪ ಆಯಿಲೇ ಗಟ್ಟಿಮುಟ್ಟು ಎಂಬ ಎಣಿಕೆ ಇಂದಿನ ಇಂಜಿನ್ನುಗಳಿಗೆ ಹೊಂದದು. ಕೈಪಿಡಿ ಹೇಳಿದ ಗುರುತಿನದನ್ನೇ ಹಾಕಬೇಕು. ಕೂಲಂಟು ಎಂದರೆ ಗ್ಲೈಕಾಲ್, ನೀರು ಮತ್ತು ತುಕ್ಕುನಿರೋಧಕಗಳ ಮಿಶ್ರಣ. ಮಂಜು ಬೀಳದ ನಾಡಿಗೆ ಅದು ಬೇಡ, ನಲ್ಲಿಯ ನೀರೇ ಸಾಕು ಎಂಬ ವಾದವಿದೆ. ಆದರೆ ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆಯುವುದರ ಜೊತೆಗೆ ಕುದಿಯುವ ಬಿಂದುವನ್ನೂ ಏರಿಸುತ್ತದೆ, ಮತ್ತು ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಕಟ್ಟಿಸುತ್ತದೆ. ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿಕೊಂಡ ಬಯಲುಸೀಮೆಯಲ್ಲಿ ಈ ಎರಡನೆಯ ಕಾರಣಕ್ಕೆ ಹೆಚ್ಚು ತೂಕವಿದೆ.

ಬ್ರೇಕು. ಬ್ರೇಕ್ ಆಯಿಲಿನ ಮಟ್ಟ ನಿಧಾನವಾಗಿ ಇಳಿದರೆ ಪ್ಯಾಡು ಸವೆದಿರಬಹುದು. ಬೇಗ ಇಳಿದರೆ ಸೋರಿಕೆ ಇದೆ. ಬರಿದೆ ಭರ್ತಿ ಮಾಡಿದರೆ ಎರಡೂ ಸೂಚನೆಗಳು ಅಳಿಸಿಹೋಗುತ್ತವೆ. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಹೊಸ ಡಾಟ್ 4 ದರ್ಜೆಯ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಸ್ಥಿತಿಗೆ ಮಾನಕ ವಿಧಿಸುವ ಕನಿಷ್ಠ ಮಟ್ಟ 155 ಡಿಗ್ರಿ. ಡಾಟ್ 3 ದರ್ಜೆಯಲ್ಲಿ ಇವು 205 ಮತ್ತು 140 ಡಿಗ್ರಿ. ಊರೊಳಗಿನ ಓಡಾಟದಲ್ಲಿ ಈ ಇಳಿಕೆ ಗೊತ್ತೇ ಆಗುವುದಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಪೆಡಲನ್ನು ಒತ್ತಿಕೊಂಡೇ ಇಳಿದಾಗ ಡಿಸ್ಕಿನ ಶಾಖ ದ್ರವಕ್ಕೆ ತಲುಪಿ ಆವಿಯ ಗುಳ್ಳೆ ಏಳುತ್ತದೆ. ದ್ರವದಂತೆ ಆವಿ ಒತ್ತಡವನ್ನು ಸಾಗಿಸದು, ಪೆಡಲು ಮೆತ್ತಗೆ ಕೆಳಗೆ ಹೋಗುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂಬ ಸಲಹೆಯ ಹಿಂದಿರುವುದು ಈ ಲೆಕ್ಕ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಘಾಟಿ ಚಾಲಕರ ಮಾತಿಗೂ ಇದೇ ಆಧಾರ: ಕೆಳಗಿನ ಗೇರಿನಲ್ಲಿ ಇಂಜಿನ್ನೇ ಚಕ್ರವನ್ನು ತಡೆದು ಬ್ರೇಕಿನ ಭಾರ ಇಳಿಸುತ್ತದೆ. ಇಂಧನ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವವರ ಎಣಿಕೆಯೂ ತಪ್ಪು. ಇಂದಿನ ಇಂಜೆಕ್ಷನ್ ಇಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಮಾತ್ರ ಇಂಜಿನ್ ಉರಿಯುತ್ತಿರಲು ಇಂಧನ ಬೇಕೇಬೇಕು.

ಬ್ಯಾಟರಿ, ದೀಪ, ಗಾಜು. ಕಾರಿನ 12 ವೋಲ್ಟಿನ ಸೀಸ–ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿದರೆ ಪೂರ್ಣ ಚಾರ್ಜ್ ಇದೆ. ಇಂಜಿನ್ ಓಡುವಾಗ ಸಾಮಾನ್ಯವಾಗಿ 14 ವೋಲ್ಟಿನ ಆಸುಪಾಸು ಕಾಣದಿದ್ದರೆ ತಪ್ಪು ಆಲ್ಟರ್ನೇಟರಿನದೋ ಬೆಲ್ಟಿನದೋ ಆಗಿರಬಹುದು. ಸೆಲ್ಫ್ ಹೊಡೆದಾಗ ಇಂಜಿನ್ ಎಳೆದೆಳೆದು ತಿರುಗುವುದು, ಆ ಹೊತ್ತಿನಲ್ಲಿ ದೀಪ ಮಂಕಾಗುವುದು ಬ್ಯಾಟರಿ ಸೊರಗಿದ ಮುನ್ಸೂಚನೆಗಳು. ಟರ್ಮಿನಲ್ಲಿನ ಬಿಳಿ ಅಥವಾ ಹಸಿರು ಹುಡಿಯನ್ನು ಬಿಸಿನೀರಿನಿಂದ ತೊಳೆದು ಒಣಗಿಸಿ ಬಿಗಿ ಮಾಡಬೇಕು. ಮಳೆಗಾಲಕ್ಕೆ ಮೊದಲು ವೈಪರಿನ ರಬ್ಬರು ಬದಲಿಸುವುದು, ಹಿಂದಿನ ಬ್ರೇಕ್ ದೀಪಗಳನ್ನು ಇನ್ನೊಬ್ಬರನ್ನು ನಿಲ್ಲಿಸಿ ನೋಡುವುದು ಪಾಲನೆಯ ಅತಿ ಅಗ್ಗದ ಮತ್ತು ಅತಿ ಹೆಚ್ಚು ಮರೆತುಹೋಗುವ ಭಾಗಗಳು.

ಪರೀಕ್ಷೆಯ ಅವಧಿ. ಗಾಳಿ, ಆಯಿಲು, ಕೂಲಂಟು, ದೀಪಗಳನ್ನು ಎರಡು ವಾರಕ್ಕೊಮ್ಮೆ ಮತ್ತು ದೂರಪ್ರಯಾಣಕ್ಕೆ ಮೊದಲು ನೋಡುವುದು ವಾಡಿಕೆ. ಇದಕ್ಕೆ ಹದಿನೈದು ನಿಮಿಷ ಸಾಕು. ಪ್ರತಿ ಬಾರಿ ಕಾರು ತೆಗೆಯುವಾಗ ನೆಲದ ಮೇಲಿನ ಹನಿಗಳನ್ನು ಗಮನಿಸುವುದು ಇದಕ್ಕೆ ಪೂರಕ. ಎ.ಸಿ.ಯಿಂದ ಬೀಳುವ ತಿಳಿನೀರು ಸಹಜ. ಬಣ್ಣದ ಅಂಟು ದ್ರವ ಕೂಲಂಟು, ಕಂದು ಜಿಡ್ಡು ಆಯಿಲು, ಚಕ್ರದ ಬಳಿಯ ತೆಳು ಜಿಡ್ಡು ಬ್ರೇಕ್ ಆಯಿಲಿರಬಹುದು.

ತುರ್ತುಗಳ ವಿಧಗಳು

ರಸ್ತೆಯ ತುರ್ತುಗಳನ್ನು ಓಟದಲ್ಲಿ ಬರುವವು, ನಿಲ್ಲಿಸುವಂಥವು, ನೀರು ಮತ್ತು ಬೆಂಕಿಯವು ಎಂದು ಮೂರಾಗಿ ವಿಂಗಡಿಸಬಹುದು. ಓಟದಲ್ಲಿ ಟೈರು ಸಿಡಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ, ತಡೆಯಬೇಕಾದದ್ದು ಅದನ್ನೇ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಆಕ್ಸಿಲರೇಟರನ್ನು ಮೆಲ್ಲನೆ ಬಿಟ್ಟು, ವೇಗ ತಗ್ಗಿದ ಮೇಲೆ ಎಡ ಅಂಚಿಗೆ ತರಬೇಕು. ಬ್ರೇಕ್ ಪೆಡಲು ಕೆಳಗೆ ಹೋದರೆ ಬೇಗಬೇಗ ಹಲವು ಬಾರಿ ಒತ್ತಬೇಕು. ಕಾರುಗಳಲ್ಲಿ ಬ್ರೇಕಿನ ಎರಡು ಪ್ರತ್ಯೇಕ ಕೊಳವೆ ಮಾರ್ಗಗಳಿರುವುದರಿಂದ ಒಂದರಲ್ಲಾದರೂ ಒತ್ತಡ ಸಿಗುವ ಸಾಧ್ಯತೆ ಇದೆ. ಜೊತೆಗೆ ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಕೀಲಿ ತೆಗೆದರೆ ಸ್ಟಿಯರಿಂಗ್ ಬೀಗ ಬೀಳುವುದರಿಂದ ಓಡುವ ಕಾರಿನಲ್ಲಿ ಅದು ಮಾಡಬಾರದ ಕೆಲಸ. ಬ್ರೇಕು ಸರಿಯಿದ್ದು ಎದುರಿಗೆ ಅಡ್ಡಿ ಬಂದಾಗ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲನ್ನು ಬಿಟ್ಟುಬಿಟ್ಟು ಒತ್ತದೆ ಪೂರ್ತಿ ಒತ್ತಿಹಿಡಿಯಬೇಕು. ಕಾಲಿಗೆ ಬಡಿಯುವ ಕಂಪನ ಆ ವ್ಯವಸ್ಥೆ ಕೆಲಸ ಮಾಡುತ್ತಿರುವ ಗುರುತು. ಭಾರತದಲ್ಲಿ 2019ರ ಏಪ್ರಿಲಿನಿಂದ ತಯಾರಾಗುವ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ.

ನಿಲ್ಲಿಸುವಂಥ ತುರ್ತುಗಳಲ್ಲಿ ಮುಖ್ಯವಾದವು ಇಂಜಿನ್ ಕಾಯುವುದು, ಬ್ಯಾಟರಿ ಕೂರುವುದು ಮತ್ತು ಪಂಕ್ಚರ್. ಕಾವಿನ ಮುಳ್ಳು ಕೆಂಪಿಗೇರಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಹಾಕಿದರೆ ಸ್ವಲ್ಪ ಶಾಖ ಹೊರಹೋಗುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಇಂಜಿನ್ ನಿಲ್ಲಿಸಬೇಕು. ಇನ್ನು ಐದು ಕಿಲೋಮೀಟರ್ ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ಕೊಳವೆಯೊಂದರ ರಿಪೇರಿ ಇಡೀ ಇಂಜಿನ್ನಿನ ರಿಪೇರಿಯಾಗುತ್ತದೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ತೆರೆಯಲೇಬಾರದು. ಒಳಗಿನ ದ್ರವ ಒತ್ತಡದಲ್ಲಿ ಇರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ದಪ್ಪ ಬಟ್ಟೆ ಹಿಡಿದು, ಮೆಲ್ಲನೆ ತಿರುಗಿಸಬೇಕು. ಬ್ಯಾಟರಿ ಕೂತ ಕಾರಿಗೆ ಇನ್ನೊಂದು ಕಾರಿನಿಂದ ವಿದ್ಯುತ್ ಕೊಡುವಾಗ ಕ್ರಮ ಮುಖ್ಯ. ಕೆಂಪು ಕೇಬಲ್ ಮೊದಲು ಕೂತ ಬ್ಯಾಟರಿಯ ಧನ ತುದಿಗೆ, ಆಮೇಲೆ ನೆರವಿನ ಬ್ಯಾಟರಿಯ ಧನ ತುದಿಗೆ. ಕಪ್ಪು ಕೇಬಲ್ ಮೊದಲು ನೆರವಿನ ಬ್ಯಾಟರಿಯ ಋಣ ತುದಿಗೆ, ಕೊನೆಯ ತುದಿ ಕೂತ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಜಲಜನಕ ಇರಬಹುದು; ಕಿಡಿಯನ್ನು ಅದರಿಂದ ದೂರ ಇಡುವುದೇ ಈ ಕ್ರಮದ ಉದ್ದೇಶ. ಬಿಚ್ಚುವಾಗ ಇದೇ ಕ್ರಮವನ್ನು ಹಿಂದುಮುಂದು ಮಾಡಬೇಕು.

ನೀರಿನ ತುರ್ತು ಮಳೆಗಾಲದ ನಗರಗಳಲ್ಲಿ ಹೆಚ್ಚುತ್ತಿದೆ. ಸುಮಾರು 30 ಸೆಂಟಿಮೀಟರ್ ಹರಿವ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. ಇಂಜಿನ್ನಿನೊಳಗೆ ನೀರು ಎಳೆದುಕೊಂಡರೆ, ನೀರನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾಗದ ಕಾರಣ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ನೀರಲ್ಲಿ ನಿಂತ ಕಾರಿಗೆ ಮತ್ತೆ ಸೆಲ್ಫ್ ಹೊಡೆಯಬಾರದು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡದ್ದು ನೀರಿನ ಆಳ ತಿಳಿಯದೆ ಕೆಳಸೇತುವೆಗೆ ಇಳಿಯುವುದರಲ್ಲಿರುವ ಅಪಾಯವನ್ನು ನಾಡಿಗೆ ತೋರಿಸಿತು. ನೀರು ಏರುತ್ತಿದ್ದರೆ ವಾಹನದ ಆಸೆ ಬಿಟ್ಟು ಕೂಡಲೇ ಹೊರಬರಬೇಕು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದಾದೀತು, ವಿದ್ಯುತ್ ಹೋದರೆ ಗಾಜು ಇಳಿಯದಾದೀತು. ಹಾಗಾಗಿ ಗಾಜನ್ನು ಮೊದಲೇ ಇಳಿಸಬೇಕು. ಒಡೆಯಬೇಕಾಗಿ ಬಂದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ಮುಂದಿನ ಗಾಜು ಎರಡು ಪದರದ್ದಾದ್ದರಿಂದ ಬಿರುಕು ಬಿಟ್ಟರೂ ಜಾಗ ಬಿಡದು. ಇನ್ನು ಬೆಂಕಿಯ ತುರ್ತು: ಬಾನೆಟ್ಟಿನಿಂದ ಹೊಗೆ ಬಂದರೆ ಇಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ ದೂರ ಹೋಗಬೇಕು. ಬಾನೆಟ್ ಪೂರ್ತಿ ತೆರೆದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ.

ನಿಂತ ಕಾರಿನ ಸುತ್ತ ಅನುಸರಿಸುವ ಕ್ರಮ

ಕೆಟ್ಟ ಕಾರಿಗಿಂತ ಹೆಚ್ಚಿನ ಅಪಾಯ ಅದರ ಹಿಂದೆ ಬರುವ ವಾಹನ. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. 50 ಮೀಟರ್ ಹಿಂದೆ ಇಟ್ಟ ಎಚ್ಚರಿಕೆಯ ತ್ರಿಕೋನ ಅದರ ಚಾಲಕನಿಗೆ ಎರಡು ಸೆಕೆಂಡನ್ನೂ ಕೊಡುವುದಿಲ್ಲ. ಈ ಲೆಕ್ಕದಿಂದಲೇ ಕ್ರಮ ಹುಟ್ಟುತ್ತದೆ: ಉರುಳುವಷ್ಟು ಶಕ್ತಿ ಉಳಿದಿದ್ದರೆ ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸುವುದು, ನಾಲ್ಕೂ ಇಂಡಿಕೇಟರ್ ಮಿನುಗಿಸುವುದು, ಹ್ಯಾಂಡ್‌ಬ್ರೇಕ್ ಎಳೆಯುವುದು, ಎಲ್ಲರನ್ನೂ ಎಡಬದಿಯ ಬಾಗಿಲಿನಿಂದ ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸುವುದು, ಆಮೇಲೆ ತ್ರಿಕೋನ. ಕೆಟ್ಟ ಕಾರಿನ ಒಳಗೆ ಮಕ್ಕಳನ್ನು, ವಯಸ್ಸಾದವರನ್ನು ಬಿಸಿಲಿಗೆ ಹೆದರಿ ಕೂರಿಸಿಕೊಳ್ಳುವುದು ಅಕ್ಕರೆಯಿಂದ ಮಾಡುವ ದೊಡ್ಡ ತಪ್ಪು. ತ್ರಿಕೋನ ಇಡಲು ನಡೆದುಹೋಗುವುದೇ ಅಪಾಯವಲ್ಲವೇ ಎಂಬ ಆಕ್ಷೇಪಕ್ಕೆ ಆಧಾರವಿದೆ. ಬ್ರಿಟನ್ನಿನ ರಸ್ತೆ ಸಂಹಿತೆ ಸಾಮಾನ್ಯ ರಸ್ತೆಯಲ್ಲಿ ಕನಿಷ್ಠ 45 ಮೀಟರ್ ಹಿಂದೆ ಇಡಲು ಹೇಳಿ, ಮೋಟಾರುಮಾರ್ಗಗಳಲ್ಲಿ ಇಡಲೇಬಾರದು ಎನ್ನುತ್ತದೆ. ಎರಡನ್ನೂ ಸೇರಿಸಿ ನೋಡಿದರೆ ತತ್ವ ಸ್ಪಷ್ಟ: ಅಂಚಿನಲ್ಲಿ ಅಥವಾ ಬೇಲಿಯ ಹಿಂದೆ ನಡೆದು, ಬರುವ ವಾಹನಗಳಿಗೆ ಮುಖಮಾಡಿ ಇಡಲು ಸಾಧ್ಯವಿದ್ದರೆ ಇಡಬೇಕು, ವೇಗದ ರಸ್ತೆಯಲ್ಲಿ ಇನ್ನೂ ದೂರ ಇಡಬೇಕು; ಜೀವಕ್ಕೆ ಅಪಾಯವಿದ್ದರೆ ಅದನ್ನು ಬಿಟ್ಟು ಸಹಾಯವಾಣಿಗೆ ಕರೆ ಮಾಡಬೇಕು. ತ್ರಿಕೋನದ ಬದಲು ಕಲ್ಲು, ಮರದ ಕೊಂಬೆ ಇಡುವ ರೂಢಿ ಕತ್ತಲಲ್ಲಿ ಹಿಂದಿನ ದ್ವಿಚಕ್ರ ಸವಾರರಿಗೆ ಹೊಸ ಅಪಾಯ ಒಡ್ಡುತ್ತದೆ. ಹೊರಡುವಾಗ ಅವನ್ನು ಬಿಟ್ಟುಹೋಗುವುದಂತೂ ಅಕ್ಷಮ್ಯ.

ಪಂಕ್ಚರಾದ ಚಕ್ರ ಬದಲಿಸುವುದು ಗಟ್ಟಿಯಾದ ಸಮನೆಲದಲ್ಲಿ ಮಾತ್ರ. ಗೇರು ಮತ್ತು ಹ್ಯಾಂಡ್‌ಬ್ರೇಕ್ ಹಾಕಿ, ಕರ್ಣದ ಎದುರಿನ ಚಕ್ರಕ್ಕೆ ಅಡ್ಡ ಕೊಡಬೇಕು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜ್ಯಾಕಿನಿಂದ ಜಾರುತ್ತದೆ. ಜ್ಯಾಕನ್ನು ಕೈಪಿಡಿ ತೋರಿಸಿದ ಗಟ್ಟಿ ಜಾಗಕ್ಕೇ ಕೊಟ್ಟು, ಟೈರು ನೆಲ ಬಿಡುವಷ್ಟು ಮಾತ್ರ ಎತ್ತಬೇಕು. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಸರಿಸಿಟ್ಟರೆ ಜ್ಯಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಹೊಸ ಚಕ್ರದ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ, ಕಾರು ಇಳಿಸಿ, ಒಂದಕ್ಕೊಂದು ಎದುರು ಬರುವಂತೆ ನಕ್ಷತ್ರದ ಕ್ರಮದಲ್ಲಿ ಬಿಗಿಮಾಡಬೇಕು, ಸ್ವಲ್ಪ ದೂರ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಸಣ್ಣ ಅಗಲದ ತಾತ್ಕಾಲಿಕ ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ ಬರೆದಿರುತ್ತಾರೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ಅದನ್ನು ಕೀಳದೆ, ಗಾಳಿ ತುಂಬಿಸಿ ನಿಧಾನವಾಗಿ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಬಹುದು. ಮೊಳೆಯೇ ಆ ಹೊತ್ತಿಗೆ ತೂತಿನ ಬಿರಡೆ.

ಕಾರಿನಲ್ಲಿ ಇರಬೇಕಾದ ಸಾಮಾನು: ಗಾಳಿ ತುಂಬಿದ ಸ್ಟೆಪ್ನಿ, ಜ್ಯಾಕ್, ಪಾನಾ, ಗಾಳಿ ಅಳೆಯುವ ಮಾಪಕ, ಪ್ರತಿಫಲಿಸುವ ತ್ರಿಕೋನ, ಟಾರ್ಚು, ಜಂಪರ್ ಕೇಬಲ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಣಪುಡಿಯ ಬೆಂಕಿನಂದಕ, ಹೊಳೆಯುವ ಜಾಕೆಟ್ಟು, ಕುಡಿಯುವ ನೀರು. ಬೆಂಕಿನಂದಕ ಮತ್ತು ಟಾರ್ಚು ಡಿಕ್ಕಿಯ ತಳದಲ್ಲಿರದೆ ಕೈಗೆಟುಕುವಲ್ಲಿ ಇರಬೇಕು.

ಕಾನೂನು ಮತ್ತು ನೆರವಿನ ವ್ಯವಸ್ಥೆ

ಭಾರತದಲ್ಲಿ 2022ರಲ್ಲಿ 4,61,312 ರಸ್ತೆ ಅಪಘಾತಗಳು ನಡೆದು 1,68,491 ಜನ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿ ಹೇಳುತ್ತದೆ. ಮೋಟಾರು ವಾಹನ ಕಾಯಿದೆ, 1988ರ ಕಲಂ 134 ಅಪಘಾತದಲ್ಲಿ ಸಿಲುಕಿದ ಚಾಲಕ ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ 24 ಗಂಟೆಯೊಳಗೆ ತಿಳಿಸಬೇಕು ಎಂದು ವಿಧಿಸುತ್ತದೆ. ನೆರವಿಗೆ ಹೋದರೆ ಕೋರ್ಟು ಕಚೇರಿ ಅಲೆಯಬೇಕಾದೀತೆಂಬ ಭಯ ದಾರಿಹೋಕರನ್ನು ಬಹುಕಾಲ ತಡೆದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಪರೋಪಕಾರಿಗಳ ರಕ್ಷಣೆಯ ಮಾರ್ಗಸೂಚಿಗಳಿಗೆ ಬಲ ಕೊಟ್ಟಿತು. ಕರ್ನಾಟಕ ಈ ಬಗ್ಗೆ ರೂಪಿಸಿದ ಕಾನೂನಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರ ತಿದ್ದುಪಡಿ ಕಲಂ 134-ಎ ಮೂಲಕ ಇದೇ ರಕ್ಷಣೆಯನ್ನು ಕೇಂದ್ರ ಕಾಯಿದೆಗೆ ಸೇರಿಸಿತು. ಸದ್ಭಾವದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲು ಒತ್ತಾಯಿಸುವಂತಿಲ್ಲ. ಹಾಗಾಗಿ ಆ ಭಯಕ್ಕೆ ಕಾನೂನಿನ ಆಧಾರ ಈಗ ಉಳಿದಿಲ್ಲ. ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು. ತುರ್ತು ಕರೆಗೆ 112, ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕ್ರೇನು ಮತ್ತು ಗಸ್ತಿಗೆ 1033 ಸಂಖ್ಯೆಗಳಿವೆ. ಕರೆ ಮಾಡುವಾಗ ಹೆದ್ದಾರಿಯ ಹೆಸರು, ಸಾಗುತ್ತಿರುವ ದಿಕ್ಕು ಮತ್ತು ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿದರೆ ನೆರವು ಬೇಗ ತಲುಪುತ್ತದೆ.

ಇಂದಿನ ಸ್ಥಿತಿ

ಕಾರುಗಳಲ್ಲಿ ಈಗ ಸೂಚಕಗಳು ತುಂಬಿರುವಾಗ ಚಾಲಕರ ಪರೀಕ್ಷೆ ಅನಗತ್ಯ ಎಂಬುದು ಪಾಲನೆಯ ವಿರುದ್ಧದ ಪ್ರಬಲ ವಾದ. ಸೂಚಕಗಳ ಬೆಲೆ ದೊಡ್ಡದು: ಕೆಂಪು ದೀಪ ಈಗಲೇ ನಿಲ್ಲಿಸಿ ಎಂದೂ ಹಳದಿ ದೀಪ ಬೇಗ ತೋರಿಸಿ ಎಂದೂ ಹೇಳುತ್ತದೆ. ಆದರೆ ಅವು ಎಚ್ಚರಿಸುವ ಹಂತವನ್ನು ನೋಡಬೇಕು. ಅಮೆರಿಕದ ಮಾನಕದಲ್ಲಿ ಟೈರಿನ ಒತ್ತಡ ಗೊತ್ತುಮಾಡಿದ್ದಕ್ಕಿಂತ ಶೇ. 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. 33 ಪಿಎಸ್‌ಐ ಇರಬೇಕಾದ ಟೈರು ಸುಮಾರು 25ಕ್ಕೆ ಇಳಿಯುವವರೆಗೂ ಅದು ಸುಮ್ಮನಿರಬಹುದು. ಆಯಿಲ್ ಒತ್ತಡದ ಕೆಂಪು ದೀಪ ಹತ್ತುವುದು ಒತ್ತಡ ಬಿದ್ದ ಮೇಲೆ. ಡಿಪ್‌ಸ್ಟಿಕ್ ಆಯಿಲಿನ ಮಟ್ಟ ಇಳಿಯುತ್ತಿರುವುದನ್ನು ವಾರಗಳ ಮೊದಲೇ ತೋರಿಸುತ್ತದೆ. ಸೂಚಕ ಅಪಾಯವನ್ನು ಹೇಳುತ್ತದೆ, ಪಾಲನೆ ಅಪಾಯದ ಕಡೆಗಿನ ಚಲನೆಯನ್ನು ಹೇಳುತ್ತದೆ. ಒಂದು ಇನ್ನೊಂದರ ಜಾಗ ತುಂಬದು. ಟೈರಿನ ಗೀರು, ಕಿತ್ತ ವೈಪರು, ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಹಳತಾದ ರಬ್ಬರು ಇವಕ್ಕೆ ಇಂದಿಗೂ ಸೂಚಕವಿರುವ ಕಾರು ಅಪರೂಪ.

ದಾರಿಯೂ ಬದಲಾಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ಬೇಲಿ ಹಾಕಿದ ರಸ್ತೆಗಳಲ್ಲಿ ಹಳೆಯ ದಾರಿಯ ಪಂಕ್ಚರ್ ಅಂಗಡಿ, ಮೆಕ್ಯಾನಿಕ್ಕು, ಚಹಾದ ಗೂಡಂಗಡಿ ಬೇಲಿಯ ಆಚೆ ಉಳಿದಿವೆ. ಎಳನೀರಿನವರನ್ನು ಕೇಳಿ ಮೆಕ್ಯಾನಿಕ್ಕನ್ನು ಕರೆಸುತ್ತಿದ್ದ ಅನುಕೂಲ ಅಲ್ಲಿಲ್ಲ. 2020ರ ನಿಯಮ ತಿದ್ದುಪಡಿ, ಟ್ಯೂಬ್‌ಲೆಸ್ ಟೈರು, ಒತ್ತಡ ಸೂಚಕ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ಆಗುತ್ತದೆ ಎಂದಿತು. ಕಿಟ್ಟಿನ ಅಂಟು ಸಣ್ಣ ಮೊಳೆಯ ತೂತನ್ನು ಮುಚ್ಚುತ್ತದೆ, ಸೀಳಿದ ಮಗ್ಗುಲನ್ನು ಮುಚ್ಚದು. ಗುಂಡಿಗಳಿರುವ ರಸ್ತೆಗಳಲ್ಲಿ ಈ ವ್ಯತ್ಯಾಸ ತಿಳಿದಿರಬೇಕು. ವಿದ್ಯುತ್ ಕಾರಿನಲ್ಲಿ ಇಂಜಿನ್ ಆಯಿಲಿಲ್ಲ, ಕ್ಲಚ್ಚಿಲ್ಲ, ಬ್ರೇಕ್ ಪ್ಯಾಡು ನಿಧಾನ ಸವೆಯುತ್ತದೆ. ಆದರೂ ಬ್ರೇಕ್ ಆಯಿಲು, ಕೂಲಂಟು, 12 ವೋಲ್ಟಿನ ಚಿಕ್ಕ ಬ್ಯಾಟರಿ ಸಾಮಾನ್ಯವಾಗಿ ಅದರಲ್ಲೂ ಇವೆ. ಕಿತ್ತಳೆ ಬಣ್ಣದ ಕೇಬಲ್ಲುಗಳು ಹೆಚ್ಚಿನ ವೋಲ್ಟಿನವು, ಮುಟ್ಟಬಾರದು; ಕೆಟ್ಟರೆ ಚಕ್ರ ಉರುಳಿಸಿ ಎಳೆಯದೆ ಲಾರಿಯ ಮೇಲೆ ಹೇರಿ ಒಯ್ಯಬೇಕು, ಏಕೆಂದರೆ ಉರುಳುವ ಚಕ್ರ ಮೋಟಾರನ್ನು ತಿರುಗಿಸಿ ವಿದ್ಯುತ್ ಹುಟ್ಟಿಸಬಹುದು. ಬ್ಯಾಟರಿಯ ಭಾರದಿಂದಾಗಿ ಇಂಥ ಕಾರುಗಳು ತಮ್ಮ ಗಾತ್ರದ ಪೆಟ್ರೋಲ್ ಕಾರುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ತೂಗುತ್ತವೆ, ಆ ತೂಕ ಟೈರಿನ ಮೇಲೆ ಬೀಳುತ್ತದೆ. ಹೀಗೆ ಪಾಲನೆಯ ಪಟ್ಟಿ ಚಿಕ್ಕದಾಗುತ್ತಿದೆ, ಅದರ ಮೊದಲ ಸಾಲು ಮಾತ್ರ ಬದಲಾಗಿಲ್ಲ: ಇಂಜಿನ್ ಇರಲಿ, ಮೋಟಾರ್ ಇರಲಿ, ಕಾರು ನೆಲ ಮುಟ್ಟುವುದು ಅದೇ ನಾಲ್ಕು ಅಂಗೈಯಗಲ ರಬ್ಬರಿನಿಂದ.